ಉಬ್ಬರವಿಳಿತದ ಲೆಕ್ಕದಲ್ಲಿ ಬದುಕುವ ಊರು: ಸಾನ್‌ಲೂಕರ್ ದೆ ಬರ್ರಮೇದ

ಹಿರಿಯರೇ, ಸ್ನೇಹಿತರೇ,

ಶರಾವತಿಯ ಅಳಿವೆಯ ದಡದಲ್ಲಿ ಬೆಳೆದವರಿಗೆ ಒಂದು ಅಭ್ಯಾಸ ಯಾರೂ ಕಲಿಸದೆಯೇ ಬಂದಿರುತ್ತದೆ. ಬೆಳಿಗ್ಗೆ ಎದ್ದು ಹೊರಗೆ ಬಂದರೆ ಗಡಿಯಾರ ನೋಡುವುದಕ್ಕೆ ಮೊದಲೇ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಕಣ್ಣು ಗಮನಿಸಿರುತ್ತದೆ. ಅಳಿವೆ ಬಾಗಿಲಿನ ಮರಳು ದಿಬ್ಬಕ್ಕೆ ಸಿಕ್ಕಿ ದೋಣಿ ಮಗುಚಿತು ಎಂಬ ಸುದ್ದಿಯನ್ನು ಕೇಳುತ್ತಲೇ ದೊಡ್ಡವರಾದ ನಮಗೆ, ನದಿ ಮತ್ತು ಸಮುದ್ರ ಕೂಡುವ ಜಾಗ ಎಷ್ಟು ಕೊಡುತ್ತದೆ, ಎಷ್ಟು ಕಿತ್ತುಕೊಳ್ಳುತ್ತದೆ ಎಂಬುದು ಹೊಸದಾಗಿ ತಿಳಿಯಬೇಕಾದ ವಿಷಯವಲ್ಲ. ಇಂದು ನಾನು ಮಾತನಾಡಲಿರುವ ಸ್ಪೇನ್ ದೇಶದ ಊರನ್ನು ನಿಮ್ಮ ಮುಂದೆ ಇಡಲು ಧೈರ್ಯ ಬಂದದ್ದು ಈ ಕಾರಣದಿಂದಲೇ. ಆ ಊರೂ ಒಂದು ಅಳಿವೆಯ ಊರು. ಅಲ್ಲಿನ ಚರಿತ್ರೆ, ಮೀನುಗಾರಿಕೆ, ಬೇಸಾಯ, ಹಬ್ಬ, ಪಂದ್ಯ ಎಲ್ಲವನ್ನೂ ಉಬ್ಬರವಿಳಿತದ ಲೆಕ್ಕ ಹಿಡಿದು ನೋಡಿದರೆ ಮಾತ್ರ ಆ ಊರು ಅರ್ಥವಾಗುತ್ತದೆ ಎಂಬುದೇ ನನ್ನ ಮಾತಿನ ತಿರುಳು.

ಊರಿನ ಹೆಸರು ಸಾನ್‌ಲೂಕರ್ ದೆ ಬರ್ರಮೇದ. ಸ್ಪೇನಿನ ದಕ್ಷಿಣದ ಅಂದಲೂಸಿಯಾ ಪ್ರಾಂತದಲ್ಲಿ, ಕಾದಿಸ್ ಜಿಲ್ಲೆಯಲ್ಲಿ, ಗ್ವಾದಲ್‌ಕಿವಿರ್ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಸ್ಥಳದ ಎಡದಂಡೆಯ ಮೇಲೆ ಇರುವ, ಸುಮಾರು 70 ಸಾವಿರ ಜನರ ಊರು ಅದು. ನದಿಯ ಹೆಸರು ಅರಬ್ಬಿ ಭಾಷೆಯ ‘ವಾದಿ ಅಲ್ ಕಬೀರ್’ ಎಂಬುದರಿಂದ ಬಂದದ್ದು. ದೊಡ್ಡ ಹೊಳೆ ಎಂದಷ್ಟೇ ಅದರ ಅರ್ಥ. 657 ಕಿಲೋಮೀಟರ್ ಉದ್ದದ ಈ ಹೊಳೆ ಕೊರ್ದೊಬಾ, ಸೆವಿಲ್ ನಗರಗಳನ್ನು ದಾಟಿ ಇಲ್ಲಿ ಕಡಲಿಗೆ ಇಳಿಯುತ್ತದೆ. ಎದುರು ದಡದಲ್ಲಿ ಮನೆಗಳಿಲ್ಲ, ದೀಪಗಳಿಲ್ಲ. ಪೈನ್ ಮರಗಳ ಕಪ್ಪು ಗೆರೆಯೊಂದು ಮಾತ್ರ ಕಾಣುತ್ತದೆ. ಅದು ದೊನ್ಯಾನ ರಾಷ್ಟ್ರೀಯ ಉದ್ಯಾನ. 1969ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1994ರಲ್ಲಿ ವಿಶ್ವ ಪರಂಪರೆಯ ತಾಣವಾಗಿ ಘೋಷಿತವಾದ ಆ ಜೌಗು ನೆಲದಲ್ಲಿ ಫ್ಲೆಮಿಂಗೊ ಹಕ್ಕಿಗಳಿವೆ, ಅಳಿವಿನಂಚಿಗೆ ಹೋಗಿ ಚೇತರಿಸಿಕೊಳ್ಳುತ್ತಿರುವ ಐಬೀರಿಯದ ಲಿಂಕ್ಸ್ ಎಂಬ ಕಾಡುಬೆಕ್ಕು ಇದೆ. ಒಂದು ದಡದಲ್ಲಿ ಗಿಜಿಗುಡುವ ಊರು, ಇನ್ನೊಂದು ದಡದಲ್ಲಿ ಕಾಡು, ನಡುವೆ ಹೊಳೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮವರು ಸ್ಪೇನ್ ಪ್ರವಾಸಕ್ಕೆ ಹೋದರೆ ಸಾಮಾನ್ಯವಾಗಿ ನೋಡುವುದು ಬಾರ್ಸಿಲೋನಾ ಕಡೆಯ ಭೂಮಧ್ಯ ಸಮುದ್ರದ ತೀರವನ್ನು. ಆ ಸಮುದ್ರದಲ್ಲಿ ಉಬ್ಬರವಿಳಿತ ಕಣ್ಣಿಗೆ ಬೀಳದಷ್ಟು ಕಡಿಮೆ. ಬೆಳಿಗ್ಗೆ ಚಾಪೆ ಹಾಸಿದ ಜಾಗದಲ್ಲೇ ಸಂಜೆಯವರೆಗೂ ಮಲಗಿರಬಹುದು. ಸಾನ್‌ಲೂಕರ್ ಹಾಗಲ್ಲ. ಅದು ಅಟ್ಲಾಂಟಿಕ್‌ನ ಕೂಸು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಅಲ್ಲಿ ನೀರು ಸುಮಾರು 3 ಮೀಟರ್‌ನಷ್ಟು ಏರಿ ಇಳಿಯುತ್ತದೆ. ಬೆಳಿಗ್ಗೆ ಕಂಡ ತೀರ ಮಧ್ಯಾಹ್ನ ಇರುವುದಿಲ್ಲ, ಮಧ್ಯಾಹ್ನ ಕಂಡದ್ದು ಸಂಜೆಗಿಲ್ಲ.

ಇದನ್ನು ತಿಳಿದೂ ನಾನು ಮೊದಲ ದಿನವೇ ಎಡವಿದೆ. ಊರಿನ ಪಶ್ಚಿಮದ ಅಂಚಿನಲ್ಲಿ ಲಾ ಹಾರಾ ಎಂಬ ತೀರವಿದೆ. ಅಲ್ಲಿ ಹಳೆಯ ಕಾಲದ ಕಲ್ಲಿನ ಮೀನುಕಟ್ಟೆ ಇದೆಯೆಂದು ಓದಿಕೊಂಡು, ಬೆಳಗಿನ ತಿಂಡಿ ಮುಗಿಸಿ ಮಗಳೊಂದಿಗೆ ನಡೆದು ಹೋದೆ. ನೋಡಿದರೆ ಬರೀ ನೀರು. ಕಟ್ಟೆಯೂ ಇಲ್ಲ, ಕಲ್ಲೂ ಇಲ್ಲ. ಗಾಳ ಹಾಕಿ ಕುಳಿತಿದ್ದ ಮುದುಕರೊಬ್ಬರನ್ನು ಮಗಳು ತನಗೆ ಬರುವ ಸ್ಪ್ಯಾನಿಷ್‌ನಲ್ಲಿ ವಿಚಾರಿಸಿದಳು. ಅವರು ನಮ್ಮನ್ನೂ ನೀರನ್ನೂ ಒಮ್ಮೆ ನೋಡಿ, ಕಟ್ಟೆ ಅಲ್ಲೇ ಇದೆ, ನೀವು ಬಂದ ಹೊತ್ತು ಸರಿಯಿಲ್ಲ, ನಾಲ್ಕು ಗಂಟೆಗೆ ಬನ್ನಿ ಎಂದರು. ನಾಲ್ಕಕ್ಕೆ ಹೋದಾಗ, ಬೆಳಿಗ್ಗೆ ನಾವು ಸಮುದ್ರವೆಂದುಕೊಂಡಿದ್ದ ಜಾಗದಲ್ಲಿ ಸೊಂಟದೆತ್ತರದ ಗೋಡೆಯೊಂದು ಕಮಾನಿನಂತೆ ಬಾಗಿ ನಿಂತಿತ್ತು. ಅಂದು ಸಂಜೆಯೇ ಅಂಗಡಿಯೊಂದರಿಂದ ಉಬ್ಬರವಿಳಿತದ ವೇಳಾಪಟ್ಟಿಯ ಪುಟ್ಟ ಪುಸ್ತಕ ತಂದು ಜೇಬಿನಲ್ಲಿಟ್ಟುಕೊಂಡೆ. ಅಲ್ಲಿರುವಷ್ಟು ದಿನವೂ ನನಗೆ ಅದೇ ಪಂಚಾಂಗವಾಯಿತು.

ಈ ಕಲ್ಲಿನ ಕಟ್ಟೆಗಳನ್ನು ಅಲ್ಲಿ ಕೊರ್ರಾಲ್ ಎನ್ನುತ್ತಾರೆ. ಸಾನ್‌ಲೂಕರ್‌ನಲ್ಲಿ ಉಳಿದಿರುವುದು ಅಲ್ಪ. ಪಕ್ಕದ ಚಿಪಿಯೋನಾ ಮತ್ತು ರೋತಾ ಊರುಗಳಲ್ಲಿ ಇನ್ನೂ ಹೆಚ್ಚಿವೆ. ಚಿಪ್ಪುಗಳು ಬೆರೆತು ಗಟ್ಟಿಯಾದ ಆ ತೀರದ ಒರಟು ಕಲ್ಲನ್ನು ಸುಣ್ಣವಿಲ್ಲದೆ ಒಂದರ ಮೇಲೊಂದು ಒತ್ತಿ ಕಟ್ಟಿರುತ್ತಾರೆ. ಕಾಲ ಕಳೆದಂತೆ ಸಿಂಪಿ, ಕಡಲಚಿಪ್ಪುಗಳು ಸಂದುಗಳಲ್ಲಿ ಬೆಳೆದು ಅವೇ ಗಾರೆಯಂತೆ ಕಲ್ಲುಗಳನ್ನು ಬೆಸೆಯುತ್ತವೆ. ಗೋಡೆಯಲ್ಲಿ ಅಲ್ಲಲ್ಲಿ ಕಿಂಡಿಗಳಿದ್ದು, ಅವಕ್ಕೆ ಜಾಲರಿ ಹಾಕಿರುತ್ತಾರೆ. ಉಬ್ಬರದಲ್ಲಿ ನೀರು ಗೋಡೆಯನ್ನು ಮುಳುಗಿಸಿ ಒಳಗೆ ಬರುತ್ತದೆ, ಮೀನೂ ಜೊತೆಗೆ ಬರುತ್ತದೆ. ಇಳಿತದಲ್ಲಿ ನೀರು ಕಿಂಡಿಗಳಿಂದ ಸೋರಿ ಹೋಗುತ್ತದೆ, ಮೀನು ಒಳಗುಳಿಯುತ್ತದೆ. ಆಮೇಲೆ ಕಾಲ್ನಡಿಗೆಯಲ್ಲಿ ಹೋಗಿ ಬೇಕಾದ ಮೀನನ್ನು ಹಿಡಿದು, ಸಣ್ಣದನ್ನು ಬಿಟ್ಟು ಬರುವುದು ಪದ್ಧತಿ. ದೋಣಿ ಬೇಡ, ಎಣ್ಣೆ ಬೇಡ, ದೊಡ್ಡ ಬಲೆ ಬೇಡ. ಆದರೆ ಒಂದು ಚಳಿಗಾಲ ರಿಪೇರಿ ತಪ್ಪಿದರೂ ಅಲೆಗಳು ಗೋಡೆಯನ್ನು ಕೆಡವಿಹಾಕುತ್ತವೆ. ಇಂಥ ಕಟ್ಟೆ ಉಳಿದಿದೆ ಎಂದರೆ ತಲೆಮಾರುಗಳಿಂದ ಯಾರೋ ಅದರ ಕಲ್ಲುಗಳನ್ನು ಎತ್ತಿ ಕೂರಿಸುತ್ತಲೇ ಬಂದಿದ್ದಾರೆ ಎಂದರ್ಥ.

ಊರಿನ ಒಳಗೆ ಬರೋಣ. ಸಾನ್‌ಲೂಕರ್‌ಗೆ ಎರಡು ಭಾಗಗಳಿವೆ: ಮೇಲಿನ ಕೇರಿ ಮತ್ತು ಕೆಳಗಿನ ಕೇರಿ. ಹಿಂದೆ ನೀರು ಗುಡ್ಡದ ಬುಡದವರೆಗೂ ಬರುತ್ತಿತ್ತು. ಆಗ ಊರೆಂದರೆ ಗುಡ್ಡದ ಮೇಲಿನ, ಕೋಟೆಗೋಡೆಯೊಳಗಿನ ವಸತಿ ಅಷ್ಟೇ. ನೀರು ಹಿಂದೆ ಸರಿದು ಬಿಟ್ಟುಕೊಟ್ಟ ನೆಲದಲ್ಲಿ ವ್ಯಾಪಾರಿಗಳೂ ಬೆಸ್ತರೂ ನೆಲೆಸಿ ಕೆಳಗಿನ ಕೇರಿ ಬೆಳೆಯಿತು. ಇವೆರಡನ್ನೂ ಕೂಡಿಸುವ ಏರುದಾರಿಯಲ್ಲಿ ಲಾಸ್ ಕೊವಾಚಾಸ್ ಎಂಬ ಕಮಾನುಗಳ ಸಾಲಿದೆ. 15ನೆಯ ಶತಮಾನದ ಕೊನೆಯ ಆ ಗೋಥಿಕ್ ಕಮಾನುಗಳ ಮೇಲೆ ರೆಕ್ಕೆಯ ಹಾವುಗಳಂತಹ ಪ್ರಾಣಿಗಳನ್ನು ಕೆತ್ತಿದ್ದಾರೆ. ಪೇಟೆಯ ಅಂಗಡಿಗಳಿಗಾಗಿ ಕಟ್ಟಿದ ಸಾಲು ಅದು ಎಂಬುದನ್ನು ಕೇಳಿದಾಗ, ವ್ಯಾಪಾರದ ಜಾಗಕ್ಕೂ ಇಷ್ಟು ಚೆಲುವು ಬೇಕೆಂದು ಅಂದಿನವರು ಭಾವಿಸಿದ್ದರಲ್ಲ ಎಂದು ಸಂತೋಷವಾಯಿತು.

1297ರಲ್ಲಿ ಕ್ಯಾಸ್ಟೀಲಿನ ಅರಸು ಈ ಊರನ್ನು ಗುಸ್ಮಾನ್ ಎಂಬ ವೀರನ ವಂಶಕ್ಕೆ ಉಂಬಳಿಯಾಗಿ ಕೊಟ್ಟಿತು. ಮುಂದೆ ಮೆದೀನಾ ಸಿದೋನಿಯಾದ ಡ್ಯೂಕರೆಂದು ಪ್ರಸಿದ್ಧರಾದ ಆ ಮನೆತನ ಮೂರೂವರೆ ಶತಮಾನ ಇಲ್ಲಿ ಆಳಿತು. ನದಿಯ ಬಾಯಲ್ಲಿ ಕುಳಿತವರಿಗೆ ಸೆವಿಲ್‌ಗೆ ಹೋಗಿಬರುವ ಪ್ರತಿ ಹಡಗೂ ಕಣ್ಣೆದುರಿಗೇ ಹಾಯುತ್ತಿದ್ದುದರಿಂದ ಸಿರಿಯೂ ಬಂತು, ಸೊಕ್ಕೂ ಬಂತು. 1641ರಲ್ಲಿ ಅರಸನ ವಿರುದ್ಧ ಪಿತೂರಿಯಲ್ಲಿ ತೊಡಗಿದ ಆರೋಪದಿಂದಾಗಿ 1645ರಲ್ಲಿ ಊರು ಅವರ ಕೈತಪ್ಪಿ ಅರಸೊತ್ತಿಗೆಗೆ ಸೇರಿತು. ಅವರ ಅರಮನೆ ಮಾತ್ರ ಈಗಲೂ ಮೇಲಿನ ಕೇರಿಯಲ್ಲಿದೆ. ಅದರೊಳಗಿನ ದಾಖಲೆಗಳ ಭಂಡಾರ ಯುರೋಪಿನ ಖಾಸಗಿ ಸಂಗ್ರಹಗಳಲ್ಲಿ ಅತ್ಯಂತ ಮಹತ್ವದವುಗಳಲ್ಲಿ ಒಂದು. ಅದನ್ನು ಒಪ್ಪವಾಗಿ ಜೋಡಿಸಿ ಕಾಪಾಡಿದವರು 21ನೆಯ ಡಚೆಸ್ ಲೂಯಿಸಾ ಇಸಾಬೆಲ್ ಆಲ್ವಾರೆಸ್ ದೆ ತೊಲೆದೊ. 1936ರಲ್ಲಿ ಹುಟ್ಟಿ 2008ರಲ್ಲಿ ತೀರಿಕೊಂಡ ಈಕೆಯನ್ನು ಜನ ‘ಕೆಂಪು ಡಚೆಸ್’ ಎಂದು ಕರೆಯುತ್ತಿದ್ದರು. 1966ರಲ್ಲಿ ಪಾಲೊಮಾರೆಸ್ ಎಂಬ ಹಳ್ಳಿಯ ಮೇಲೆ ಅಮೆರಿಕದ ವಿಮಾನದಿಂದ ಅಣುಬಾಂಬುಗಳು ಬಿದ್ದು ವಿಕಿರಣ ಹರಡಿದಾಗ, ಅಲ್ಲಿನ ರೈತರ ಪರವಾಗಿ ಮೆರವಣಿಗೆ ನಡೆಸಿದ್ದಕ್ಕೆ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಅವರನ್ನು ಸೆರೆಮನೆಗೆ ಕಳಿಸಿತ್ತು. ಮೂರು ಶತಮಾನಗಳ ಹಿಂದೆ ಊರು ಕಳೆದುಕೊಂಡ ಮನೆತನದ ಮಗಳು ಹಳೆಯ ಕಾಗದಗಳ ನಡುವೆ ಕುಳಿತು ಆ ಊರಿನ ನೆನಪನ್ನು ಉಳಿಸಿಕೊಟ್ಟರು. ನನಗೆ ಆ ಅರಮನೆಯ ಬಂಗಾರದ ಚೌಕಟ್ಟಿನ ಚಿತ್ರಗಳಿಗಿಂತ ಈ ವಿಷಯ ದೊಡ್ಡದಾಗಿ ಕಂಡಿತು.

ಈಗ ಹಡಗುಗಳ ಮಾತು. ಕೊಲಂಬಸ್ ತನ್ನ ಮೂರನೆಯ ಯಾನಕ್ಕೆ ಸಮುದ್ರಕ್ಕಿಳಿದದ್ದು ಇಲ್ಲಿಂದ, 1498ರ ಮೇ 30ರಂದು. ಆದರೆ ಈ ಊರಿನವರು ಎದೆ ತಟ್ಟಿ ಹೇಳಿಕೊಳ್ಳುವುದು ಇನ್ನೊಂದು ಯಾನವನ್ನು, ಭೂಮಿಯನ್ನು ಮೊದಲ ಬಾರಿಗೆ ಪೂರ್ತಿ ಸುತ್ತಿಬಂದ ಯಾನವನ್ನು. ಫೆರ್ಡಿನಾಂಡ್ ಮೆಗಲನ್‌ನ 5 ಹಡಗುಗಳು 1519ರ ಆಗಸ್ಟ್ 10ರಂದು ಸೆವಿಲ್‌ನಿಂದ ಹೊರಟು ನದಿಯಲ್ಲಿ ಇಳಿದು ಬಂದು ಸಾನ್‌ಲೂಕರ್‌ನಲ್ಲಿ ತಂಗಿದವು. ಒಂದು ತಿಂಗಳಿಗೂ ಹೆಚ್ಚು ಕಾಲ ಸಾಮಗ್ರಿ ತುಂಬಿಸಿಕೊಳ್ಳುವ ಕೆಲಸ ನಡೆಯಿತು. ಆ ಯಾನದಲ್ಲಿದ್ದು ಅದರ ವೃತ್ತಾಂತ ಬರೆದಿಟ್ಟ ಇಟಲಿಯ ಅಂತೋನಿಯೊ ಪಿಗಫೆಟ್ಟಾ, ಆ ದಿನಗಳಲ್ಲಿ ತಾವು ಪ್ರತಿದಿನ ದಡಕ್ಕೆ ಹೋಗಿ ಬರ್ರಮೇದ ಮಾತೆಯ ಗುಡಿಯಲ್ಲಿ ಪೂಜೆಯಲ್ಲಿ ಪಾಲ್ಗೊಳ್ಳುತ್ತಿದ್ದುದನ್ನೂ, ಹೊರಡುವ ಮೊದಲು ಎಲ್ಲರೂ ಪಾಪನಿವೇದನೆ ಮಾಡಿಕೊಳ್ಳಬೇಕೆಂದು ನಾಯಕ ವಿಧಿಸಿದ್ದನ್ನೂ ದಾಖಲಿಸಿದ್ದಾನೆ. ಸೆಪ್ಟೆಂಬರ್ 20ರಂದು ಹಡಗುಗಳು ಅಳಿವೆ ದಾಟಿದವು.

ಈ ಮೆಗಲನ್‌ಗೂ ನಮ್ಮ ಕರಾವಳಿಗೂ ನಂಟಿದೆ. ಹುಟ್ಟಿನಿಂದ ಪೋರ್ಚುಗೀಸನಾದ ಆತ ಸ್ಪೇನಿನ ಅರಸನನ್ನು ಸೇರುವ ಮೊದಲು, 1505ರಲ್ಲಿ ಫ್ರಾನ್ಸಿಸ್ಕೊ ದೆ ಅಲ್ಮೇಡಾನ ನೌಕಾಪಡೆಯಲ್ಲಿ ಸೈನಿಕನಾಗಿ ಭಾರತದ ಕಡೆಗೆ ಹೊರಟವನು. ಆ ಪಡೆ ಭಾರತದಲ್ಲಿ ಮೊದಲು ಕೋಟೆ ಕಟ್ಟಲು ತೊಡಗಿದ್ದು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಅದೇ ವರ್ಷ ಅದು ನಮ್ಮ ಹೊನ್ನಾವರದ ಬಂದರಿನ ಮೇಲೂ ಎರಗಿ ಹಡಗುಗಳನ್ನು ಸುಟ್ಟಿತು. ಮೆಣಸು, ಲವಂಗಗಳ ಪೂರ್ವದ ದಾರಿಯನ್ನು ಪೋರ್ಚುಗೀಸರು ತಮ್ಮದಾಗಿಸಿಕೊಂಡಿದ್ದರಿಂದಲೇ, ಹೊಸ ನೆಲ, ಕಡಲುಗಳನ್ನು ಪೋರ್ಚುಗಲ್‌ ಜೊತೆ ಹಂಚಿಕೊಂಡ 1494ರ ತೊರ್ದೆಸಿಲ್ಯಾಸ್ ಒಪ್ಪಂದಕ್ಕೆ ಕಟ್ಟುಬಿದ್ದ ಸ್ಪೇನ್ ಪಶ್ಚಿಮದಿಂದ ಸುತ್ತಿ ಹೋಗುವ ದಾರಿ ಹುಡುಕಬೇಕಾಯಿತು. ಶರಾವತಿಯ ಬಾಯಲ್ಲಿ ಎದ್ದ ಹೊಗೆಗೂ ಗ್ವಾದಲ್‌ಕಿವಿರ್‌ನ ಬಾಯಿಂದ ಹೊರಟ ಹಡಗುಗಳಿಗೂ ಹಿಂದಿದ್ದ ಹಸಿವು ಒಂದೇ.

ಮೆಗಲನ್ ಹಿಂದಿರುಗಲಿಲ್ಲ, 1521ರ ಏಪ್ರಿಲ್ 27ರಂದು ಫಿಲಿಪೈನ್ಸ್‌ನ ಮಕ್ತಾನ್ ದ್ವೀಪದಲ್ಲಿ ಹತನಾದ. ಬಾಸ್ಕ್ ನಾಡಿನ ಹುವಾನ್ ಸೆಬಾಸ್ಟಿಯನ್ ಎಲ್ಕಾನೊ ನಡೆಸಿಕೊಂಡು ಬಂದ ‘ವಿಕ್ಟೋರಿಯಾ’ ಎಂಬ ಒಂದೇ ಹಡಗು, 1522ರ ಸೆಪ್ಟೆಂಬರ್ 6ರಂದು, 18 ಜನ ಯುರೋಪಿಯನ್ನರೊಂದಿಗೆ ಇದೇ ಅಳಿವೆಗೆ ಮರಳಿತು. ಹೊರಟವರು 240ರ ಆಸುಪಾಸು ಇದ್ದರು. ಬಂದವರು ಎಲುಬು ಚರ್ಮಗಳಾಗಿದ್ದರು, ಹಡಗು ಸೋರುತ್ತಿತ್ತು. ಆದರೆ ಹೊಟ್ಟೆಯಲ್ಲಿ ಲವಂಗ ತುಂಬಿತ್ತು. ದಾರಿಯಲ್ಲಿ ಕೇಪ್ ವರ್ಡ್ ದ್ವೀಪಗಳಲ್ಲಿ ವಿಚಾರಿಸಿದಾಗ ಅವರಿಗೆ ಒಂದು ವಿಸ್ಮಯ ಕಾದಿತ್ತು: ತಮ್ಮ ಲೆಕ್ಕದಲ್ಲಿ ಬುಧವಾರವಾಗಿದ್ದ ದಿನ ದಡದವರಿಗೆ ಗುರುವಾರವಾಗಿತ್ತು. ದಿನಚರಿಯಲ್ಲಿ ಒಂದು ದಿನವನ್ನೂ ತಪ್ಪಿಸದೆ ಬರೆದಿದ್ದ ಪಿಗಫೆಟ್ಟಾ ಇದರಿಂದ ದಿಗ್ಭ್ರಮೆಗೊಂಡ. ಸೂರ್ಯನ ದಿಕ್ಕಿನಲ್ಲೇ, ಪಶ್ಚಿಮಕ್ಕೆ, ಭೂಮಿಯನ್ನು ಪೂರ್ತಿ ಸುತ್ತಿದವರಿಗೆ ಒಂದು ದಿನ ಕಡಿಮೆಯಾಗುತ್ತದೆ ಎಂಬ ಸತ್ಯ ಮೊದಲು ಅನುಭವಕ್ಕೆ ಬಂದದ್ದು ಹಾಗೆ. ಭೂಗೋಳದ ಪಾಠ ಹೇಳುತ್ತಾ ಬಾಳು ಕಳೆದ ನನಗೆ, ಅಂತರರಾಷ್ಟ್ರೀಯ ದಿನರೇಖೆಯನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಎಳೆದ ನನಗೆ, ಆ ದಡದಲ್ಲಿ ನಿಂತಾಗ ಗಂಟಲು ಕಟ್ಟಿತು ಎಂದರೆ ನೀವು ನಂಬಬೇಕು.

ಇಷ್ಟು ದೊಡ್ಡ ಬಂದರು ಯಾಕೆ ಸೊರಗಿತು? ಉತ್ತರ ನಮಗೆ ಗೊತ್ತಿರುವುದೇ: ಅಳಿವೆಯ ಮರಳು ದಿಬ್ಬ. ಹಡಗುಗಳು ಚಿಕ್ಕವಿದ್ದಾಗ ಉಬ್ಬರ ನೋಡಿ ದಿಬ್ಬ ದಾಟಬಹುದಿತ್ತು. ಅಮೆರಿಕದ ಬೆಳ್ಳಿ ಹೊರಲು ಹಡಗುಗಳು ದೊಡ್ಡದಾಗುತ್ತ ಹೋದಂತೆ ತಳ ತಾಗತೊಡಗಿತು. ಒಡೆದುಹೋದ ಹಡಗುಗಳಿಗೆ ಲೆಕ್ಕವಿಲ್ಲ. ಕೊನೆಗೆ 1717ರಲ್ಲಿ ಅಮೆರಿಕದ ವ್ಯಾಪಾರವನ್ನು ನಿಯಂತ್ರಿಸುವ ಕಚೇರಿಯನ್ನೇ ಸೆವಿಲ್‌ನಿಂದ ಕಾದಿಸ್‌ಗೆ ಸಾಗಿಸಿದರು. ನದಿಯ ದಾರಿ ಹಿಡಿಯುವ ದೊಡ್ಡ ಹಡಗುಗಳು ವಿರಳವಾದವು. ಸಾನ್‌ಲೂಕರ್ ಬೇರೆ ಬದುಕು ಹುಡುಕಿಕೊಂಡಿತು.

ಆ ಬೇರೆ ಬದುಕಿನಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸಿದ್ದು ನವಾಸೊ ಎಂಬ ಬೇಸಾಯ. ಸಮುದ್ರದ ಪಕ್ಕದ ಮರಳ ದಿಣ್ಣೆಗಳ ನಡುವೆ ನೆಲವನ್ನು ಅಗಲವಾಗಿ ತೋಡಿ ತಗ್ಗಿನ ಗದ್ದೆ ಮಾಡುತ್ತಾರೆ. ತೆಗೆದ ಮರಳು ಸುತ್ತ ದಂಡೆಯಾಗಿ ಉಪ್ಪುಗಾಳಿಯನ್ನು ತಡೆಯುತ್ತದೆ. ಎಷ್ಟು ಆಳಕ್ಕೆ ತೋಡಬೇಕೆಂಬುದರಲ್ಲೇ ಜಾಣತನವೆಲ್ಲ ಇರುವುದು. ಮರಳಿನೊಳಗೆ ಮಳೆಯ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೆಳ್ಳನೆಯ ಪದರವಾಗಿ ನಿಂತಿರುತ್ತದೆ. ಸಮುದ್ರದಲ್ಲಿ ಉಬ್ಬರ ಬಂದಾಗ ಕೆಳಗಿನ ಉಪ್ಪುನೀರು ಒತ್ತಿ ಸಿಹಿನೀರಿನ ಮಟ್ಟವೂ ಮೇಲೇರುತ್ತದೆ, ಇಳಿತದಲ್ಲಿ ಇಳಿಯುತ್ತದೆ. ಹೀಗೆ ಸಮುದ್ರವೇ ಬೇರಿಗೆ ಸಿಹಿನೀರುಣಿಸುತ್ತದೆ. ಏತ ಬೇಡ, ಕಾಲುವೆ ಬೇಡ. ಒಂದು ಗೇಣು ಹೆಚ್ಚು ತೋಡಿದರೆ ಬೇರು ಕೊಳೆಯುತ್ತದೆ, ಒಂದು ಗೇಣು ಕಡಿಮೆಯಾದರೆ ಗಿಡ ಒಣಗುತ್ತದೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೆ ಬಗ್ಗದ ಕಗ್ಗ ಭತ್ತ ಬೆಳೆಯುವ ನಮ್ಮ ರೈತರು ಇದನ್ನು ನೋಡಿದರೆ ಎಷ್ಟು ಪ್ರಶ್ನೆ ಕೇಳುತ್ತಿದ್ದರೋ ಎಂದುಕೊಂಡೆ. ಸಾನ್‌ಲೂಕರ್‌ನ ಆಲೂಗಡ್ಡೆಗೆ ಅಂದಲೂಸಿಯಾದಲ್ಲಿ ಇಂದಿಗೂ ಹೆಸರಿದೆ. ಆದರೆ ನವಾಸೊಗಳು ಮನೆ, ಹೋಟೆಲುಗಳಿಗೆ ಜಾಗ ಬಿಟ್ಟುಕೊಟ್ಟು ಈಗ ಕೆಲವೇ ಉಳಿದಿವೆ. ಅವುಗಳನ್ನು ಕಾಪಾಡಬೇಕಿತ್ತು, ಈಗಲಾದರೂ ಕಾಪಾಡಬೇಕು.

ಊರಿಗೆ ಜಗತ್ತಿನಲ್ಲಿ ಹೆಸರು ತಂದದ್ದು ಮಾನ್ಸಾನಿಯಾ ಎಂಬ ದ್ರಾಕ್ಷಾರಸ. ನಾನು ಮದ್ಯ ಸೇವಿಸುವವನಲ್ಲ. ಆದರೂ ಅದರ ಉಗ್ರಾಣಗಳನ್ನು ನೋಡದೆ ಬರಬಾರದು. ಹತ್ತಿರದ ಬಿಳಿಸುಣ್ಣದ ನೆಲದಲ್ಲಿ ಬೆಳೆದ ಪಾಲೊಮಿನೊ ದ್ರಾಕ್ಷಿಯ ರಸವನ್ನು ಓಕ್ ಪೀಪಾಯಿಗಳಲ್ಲಿ ಬಾಯಿಮಟ್ಟಕ್ಕೆ ತುಂಬದೆ, ಸ್ವಲ್ಪ ಖಾಲಿ ಬಿಟ್ಟು ಇಡುತ್ತಾರೆ. ಆ ಖಾಲಿ ಜಾಗದಲ್ಲಿ ರಸದ ಮೇಲೆ ಯೀಸ್ಟಿನ ಬಿಳಿ ಕೆನೆಯೊಂದು ತಾನಾಗಿ ಕಟ್ಟುತ್ತದೆ. ಅದನ್ನು ‘ಹೂವು’ ಎಂಬರ್ಥದ ಫ್ಲೋರ್ ಎಂಬ ಮಾತಿನಿಂದ ಕರೆಯುತ್ತಾರೆ. ಈ ಕೆನೆ ಗಾಳಿ ತಾಗದಂತೆ ರಸವನ್ನು ಮುಚ್ಚಿ ಕಾಯುತ್ತದೆ. ಒಣ ಹವೆಯಲ್ಲಿ ಅದು ಸೊರಗುತ್ತದೆ. ಸಾನ್‌ಲೂಕರ್‌ನಲ್ಲಿ ಕಡಲು ಮತ್ತು ಹೊಳೆಯ ತೇವ ಇರುವುದರಿಂದ ವರ್ಷವಿಡೀ ದಪ್ಪವಾಗಿರುತ್ತದೆ. ಇದೇ ರಸವನ್ನು 20 ಕಿಲೋಮೀಟರ್ ಚಿಲ್ಲರೆ ದೂರದ ಹೆರೆಸ್ ನಗರದಲ್ಲಿ ಇದೇ ರೀತಿ ಹಳತಾಗಿಸಿದರೆ ಅದನ್ನು ಮಾನ್ಸಾನಿಯಾ ಎನ್ನುವಂತಿಲ್ಲ, ಫಿನೊ ಎನ್ನಬೇಕು. ದೇವಾಲಯದಂತೆ ಎತ್ತರವಾದ ಆ ಉಗ್ರಾಣಗಳ ಕಿಟಕಿಗಳಿಗೆ ಹುಲ್ಲಿನ ಚಾಪೆ ಇಳಿಬಿಟ್ಟಿರುತ್ತಾರೆ. ನೆಲಕ್ಕೆ ಹಳದಿ ಮರಳು ಹಾಸಿ ಬೇಸಿಗೆಯಲ್ಲಿ ನೀರು ಚಿಮುಕಿಸುತ್ತಾರೆ. ಪಶ್ಚಿಮದ ತೇವದ ಗಾಳಿಗೆ ಪೊನಿಯೆಂತೆ, ಪೂರ್ವದ ಒಣ ಬಿಸಿಗಾಳಿಗೆ ಲೆವಾಂತೆ ಎಂಬ ಹೆಸರುಗಳಿವೆ. ಬೆಳಿಗ್ಗೆ ಎದುರಾದವರು ಅಂದಿನ ಗಾಳಿ ಯಾವುದೆಂದು ಮಾತನಾಡಿಕೊಳ್ಳುವುದನ್ನು ಕೇಳಿ, ಇದು ನನಗೆ ಪರಿಚಯದ ಜಗತ್ತೇ ಎನ್ನಿಸಿತು.

ಆಗಸ್ಟಿನ ಕುದುರೆ ಪಂದ್ಯಗಳಿಗೆ ಬರುತ್ತೇನೆ. 1845ರಿಂದ ಕ್ರಮವಾಗಿ ನಡೆದು ಬಂದಿರುವ ಈ ಪಂದ್ಯಗಳು ನಡೆಯುವುದು ಮೈದಾನದಲ್ಲಲ್ಲ, ಸಮುದ್ರ ತೀರದಲ್ಲಿ. ದಿನಾಂಕಗಳು ಪ್ರತಿವರ್ಷ ಬದಲಾಗುತ್ತವೆ, ಏಕೆಂದರೆ ಅವನ್ನು ನಿಶ್ಚಯಿಸುವುದು ಚಂದ್ರ. ಸಂಜೆಯ ಹೊತ್ತಿಗೆ ನೀರು ಚೆನ್ನಾಗಿ ಇಳಿದಿರಬೇಕು. ಹಾಗೆ ಇಳಿಯುವುದು ಅಮಾವಾಸ್ಯೆ ಹುಣ್ಣಿಮೆಗಳ ಆಚೀಚಿನ ದಿನಗಳಲ್ಲಿ. ಆದ್ದರಿಂದಲೇ ಪಂದ್ಯಗಳನ್ನು ಸುಮಾರು ಎರಡು ವಾರಗಳ ಅಂತರದಲ್ಲಿ, ಮೂರು ಮೂರು ದಿನಗಳ ಎರಡು ಸುತ್ತುಗಳಾಗಿ ನಡೆಸುತ್ತಾರೆ. ನೀರು ಸರಿದ ಮೇಲೆ ಉಳಿಯುವ ಒದ್ದೆ ಮರಳು ಗೊರಸಿಗೆ ಮೆತ್ತಗೂ ಅಲ್ಲ, ಗಟ್ಟಿಯೂ ಅಲ್ಲ. ಹಿಂದೆ ಮೀನನ್ನು ಬೇಗ ಪೇಟೆ ಮುಟ್ಟಿಸಲು ಕುದುರೆ ಓಡಿಸುತ್ತಿದ್ದ ಮೀನು ವ್ಯಾಪಾರಿಗಳ ಪೈಪೋಟಿಯಿಂದ ಇದು ಹುಟ್ಟಿತೆಂದು ಊರಿನವರು ಹೇಳುತ್ತಾರೆ.

ನಾವು ಹೋದ ಸಂಜೆ, ಮಧ್ಯಾಹ್ನ ಜನ ಈಜುತ್ತಿದ್ದ ಜಾಗವೇ ಐದಾರು ಗಂಟೆಯ ಹೊತ್ತಿಗೆ ಓಟದ ಪಟ್ಟಿಯಾಗಿತ್ತು. ಬಾಹೊ ದೆ ಗಿಯಾ ಎಂಬ ಬೆಸ್ತರ ಕೇರಿಯ ಕಡೆಯಿಂದ ಕುದುರೆಗಳು ಹೊರಟು ಲಾಸ್ ಪಿಲೆತಾಸ್ ತೀರದ ಗುರಿಯತ್ತ ಬರುತ್ತವೆ. ಮೊದಲು ಕಾಣುವುದು ದೂರದ ಒಂದು ಕಪ್ಪು ಚುಕ್ಕೆ, ಆಮೇಲೆ ನೀರಿನ ಹನಿಗಳ ತೆರೆ, ಆಮೇಲೆ ನೆಲದೊಳಗಿಂದ ಬರುವ ಸದ್ದು. ಅದನ್ನು ಕಿವಿಗಿಂತ ಮೊದಲು ಅಂಗಾಲು ಕೇಳುತ್ತದೆ. ಕುದುರೆಗಳು ಹಾಯ್ದು ಹೋಗುವಾಗ ಅವುಗಳ ಹಿಂದೆ ಹೊಳೆಯಲ್ಲಿ ದೋಣಿಗಳು, ದೋಣಿಗಳ ಹಿಂದೆ ದೊನ್ಯಾನದ ಕಾಡು, ಅಳಿವೆಯ ಬಾಯಲ್ಲಿ ಮುಳುಗುತ್ತಿರುವ ಸೂರ್ಯ. ಕಂಬಳದ ಗದ್ದೆಯ ಬದಿಯಲ್ಲಿ ನಿಂತು ಕೆಸರು ಸಿಡಿಸಿಕೊಂಡವರಿಗೆ ಆ ಕ್ಷಣದ ಉಸಿರು ಹೇಗಿರುತ್ತದೆಂದು ನಾನು ವರ್ಣಿಸಬೇಕಿಲ್ಲ.

ನನ್ನ ಮಗಳಿಗೆ ಹಿಡಿಸಿದ್ದು ಮಕ್ಕಳ ಪಣದ ಅಂಗಡಿಗಳು. ಊರಿನ ಮಕ್ಕಳು ಮರದ ಹಲಗೆ, ರಟ್ಟುಗಳಿಂದ ಪುಟ್ಟ ಗೂಡುಗಳನ್ನು ಮಾಡಿ, ಬಣ್ಣ ಬಳಿದು, ತೀರದುದ್ದಕ್ಕೂ ನಿಲ್ಲಿಸಿಕೊಂಡು ಕುಳಿತಿರುತ್ತಾರೆ. ಚಿಲ್ಲರೆ ಕಾಸು ಕೊಟ್ಟು ನಿಮ್ಮ ಕುದುರೆಯ ಸಂಖ್ಯೆ ಹೇಳಿದರೆ ಚೀಟಿ ಬರೆದುಕೊಡುತ್ತಾರೆ. ಗೆದ್ದರೆ ಕಾಸನ್ನು ಎಣಿಸಿ ಕೊಡುತ್ತಾರೆ. ಮಕ್ಕಳ ಕೈಯಲ್ಲಿ ಪಣದ ಆಟವೇ ಎಂದು ನನ್ನೊಳಗಿನ ಮೇಷ್ಟರಿಗೆ ಮೊದಲು ಇರಿಸುಮುರಿಸಾದದ್ದು ನಿಜ. ಹತ್ತು ವರ್ಷದ ಹುಡುಗಿಯೊಬ್ಬಳು ಲೆಕ್ಕದ ಪುಸ್ತಕ ತೆರೆದು, ಮುಖ ಗಂಭೀರ ಮಾಡಿಕೊಂಡು, ನಮಗೆ ಸಲ್ಲಬೇಕಾದ ನಾಣ್ಯಗಳನ್ನು ಅಂಗೈ ಮೇಲಿಟ್ಟಾಗ ಆ ಇರಿಸುಮುರಿಸು ಕರಗಿತು. ತಾಯಿ, ಅಜ್ಜಿಯರು ಚಿಕ್ಕಂದಿನಲ್ಲಿ ಇಟ್ಟಂಥ ಅಂಗಡಿಯನ್ನೇ ಈ ಮಕ್ಕಳು ಇಂದು ಇಡುತ್ತಿದ್ದಾರೆ.

ಆಗಸ್ಟ್ 15 ಊರಿನ ಅಧಿದೇವತೆ ಕಾರುಣ್ಯಮಾತೆಯ ಉತ್ಸವ. ಹಿಂದಿನ ರಾತ್ರಿಯೆಲ್ಲ ಜನ ಬೀದಿಯಲ್ಲಿ ಮೊಣಕಾಲೂರಿ ಬಣ್ಣ ಬೆರೆಸಿದ ಹುಡಿಯಿಂದ ಉದ್ದನೆಯ ಚಿತ್ತಾರದ ಹಾಸುಗಳನ್ನು ಬಿಡಿಸುತ್ತಾರೆ. ಮಾತೆಯ ಮೂರ್ತಿಯ ಮೆರವಣಿಗೆ ಅದರ ಮೇಲೆ ಹಾದುಹೋಗುತ್ತದೆ. ರಂಗೋಲಿಯ ನಾಡಿನಿಂದ ಹೋದ ನಾವು ಅಲ್ಲಿ ಅಪರಿಚಿತರಾಗಿ ಉಳಿಯಲಿಲ್ಲ.

ಇನ್ನೊಂದು ಸಂಪ್ರದಾಯವನ್ನು ನೋಡಲು ಇನ್ನೊಂದು ವರ್ಷ ಮೇ ತಿಂಗಳ ಕೊನೆಯಲ್ಲಿ ಮತ್ತೆ ಹೋದೆ. ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬಕ್ಕೆ ದೊನ್ಯಾನದ ಆಚೆಯ ಎಲ್ ರೊಸೀಯೊ ಎಂಬ ಹಳ್ಳಿಯ ಮಾತೆಯ ದರ್ಶನಕ್ಕೆ ಅಂದಲೂಸಿಯಾದ ಎಲ್ಲ ಕಡೆಯಿಂದ ಯಾತ್ರೆ ಹೊರಡುತ್ತದೆ. ಕಾದಿಸ್ ಕಡೆಯ ಯಾತ್ರಿಕರು ಹೊಳೆ ದಾಟುವುದು ಸಾನ್‌ಲೂಕರ್‌ನ ಬಾಹೊ ದೆ ಗಿಯಾದಲ್ಲಿ. ಅಲಂಕರಿಸಿದ ಬಂಡಿಗಳು, ಹೇಸರಗತ್ತೆಗಳು, ಕುದುರೆಗಳು, ಚುಕ್ಕೆ ಚುಕ್ಕೆಯ ಉದ್ದ ಲಂಗ ತೊಟ್ಟ ಹೆಂಗಸರು, ಕೊಳಲು ಮತ್ತು ಡೋಲಿನ ನಾದ, ಎಲ್ಲವೂ ಚಪ್ಪಟೆ ತಳದ ತೆಪ್ಪಗಳನ್ನು ಏರಿ ಆಚೆ ದಡದ ಮರಳಿಗಿಳಿದು ಕಾಡಿನ ದಾರಿ ಹಿಡಿಯುತ್ತವೆ. ದಡದಲ್ಲಿ ನಿಂತು ಬೀಳ್ಕೊಡುತ್ತಿದ್ದ ವಯಸ್ಸಾದ ಹೆಂಗಸೊಬ್ಬರು, ಮಂಡಿನೋವಿನಿಂದ ಈ ವರ್ಷ ತಾವು ಹೋಗಲಾಗಲಿಲ್ಲ ಎಂದು ಕಣ್ಣೊರೆಸಿಕೊಂಡರು. ಭಾಷೆ ಬಾರದಿದ್ದರೂ ಆ ಮಾತು ನನಗೆ ಮಗಳು ಹೇಳುವ ಮೊದಲೇ ತಿಳಿದಿತ್ತು.

ಹೋಗಬಯಸುವವರಿಗೆ ಕೆಲವು ಮಾತುಗಳು. ಊರಿಗೆ ರೈಲಿಲ್ಲ, ಸೆವಿಲ್ ಅಥವಾ ಹೆರೆಸ್‌ನಿಂದ ಬಸ್ಸಿದೆ. ತೀರದಲ್ಲಿ ನೀಲಿ ತಿಳಿನೀರನ್ನು ನಿರೀಕ್ಷಿಸಬೇಡಿ. ಹೊಳೆಯ ಮಣ್ಣು ಬೆರೆತ ಕಂದು ನೀರು ಅದು, ಸೆಳೆತವೂ ಇದೆ. ಮಧ್ಯಾಹ್ನದ ಊಟ ಎರಡು ಗಂಟೆಗೆ ಮೊದಲು, ರಾತ್ರಿಯ ಊಟ ಒಂಬತ್ತಕ್ಕೆ ಮೊದಲು ಸಿಗುವುದು ಕಷ್ಟ. ಮೀನು ತಿನ್ನುವವರಿಗೆ ಬಾಹೊ ದೆ ಗಿಯಾ ಸ್ವರ್ಗವೇ ಸರಿ. ಅಲ್ಲಿನ ಸಿಗಡಿ, ನಮ್ಮ ಕಡೆಯ ಮಾತಿನಲ್ಲಿ ಶೆಟ್ಲಿ, ಸ್ಪೇನಿನಲ್ಲೇ ಹೆಸರುವಾಸಿ; ಬರೀ ಉಪ್ಪುನೀರಿನಲ್ಲಿ ಬೇಯಿಸಿ ಕೊಡುತ್ತಾರೆ. ನನ್ನಂತಹ ಸಸ್ಯಾಹಾರಿಗಳಿಗೆ ಬೇಯಿಸಿದ ಆಲೂಗಡ್ಡೆಗೆ ಈರುಳ್ಳಿ, ಆಲಿವ್ ಎಣ್ಣೆ, ವಿನೆಗರ್ ಬೆರೆಸಿದ ಪಾಪಾಸ್ ಅಲಿನ್ಯಾಸ್ ಸಾಕು. ಆದರೆ ಅದರ ಮೇಲೆ ಸೂರೆ, ಅಂದರೆ ಟ್ಯೂನಾ, ಮೀನಿನ ಚೂರು ಉದುರಿಸುವ ರೂಢಿಯಿರುವುದರಿಂದ ‘ಸಿನ್ ಅತೂನ್’ ಎಂದು, ಅಂದರೆ ಸೂರೆ ಬೇಡವೆಂದು, ಮೊದಲೇ ಹೇಳಬೇಕು. ದೊನ್ಯಾನಕ್ಕೆ ಹೋಗುವ ದೋಣಿಗೆ ಮುಂಚಿತವಾಗಿ ಟಿಕೆಟ್ ಕಾದಿರಿಸಿ.

ಉಪನ್ಯಾಸದ ಕೊನೆಯಲ್ಲಿ ಕಾಸರಕೋಡಿನಿಂದ ಬಂದಿದ್ದ ಮೀನುಗಾರರೊಬ್ಬರು, ಆ ಅಳಿವೆಯ ಹೂಳನ್ನು ಈಗ ಏನು ಮಾಡುತ್ತಾರೆ ಎಂದು ಕೇಳಿದರು. ನಾನು ಕೊಟ್ಟ ಉತ್ತರ ಇದು. ಸೆವಿಲ್ ಇಂದಿಗೂ ನದಿ ಬಂದರು. ಹಡಗುಗಳ ದಾರಿಗಾಗಿ ಹೊಳೆಯಲ್ಲಿ ಹೂಳೆತ್ತುತ್ತಲೇ ಇರುತ್ತಾರೆ. ಅದನ್ನು ಇನ್ನೂ ಆಳಗೊಳಿಸುವ ಯೋಜನೆ ಬಂದಾಗ, ಉಪ್ಪುನೀರು ಮತ್ತಷ್ಟು ಮೇಲೇರಿ ದೊನ್ಯಾನದ ಜೌಗಿಗೂ ದಡದ ಭತ್ತದ ಗದ್ದೆಗಳಿಗೂ ಸಿಗಡಿಯ ಮರಿಗಳಿಗೂ ಕೇಡಾಗುತ್ತದೆಂದು ವಿಜ್ಞಾನಿಗಳು, ಮೀನುಗಾರರು, ಭತ್ತದ ರೈತರು ವಿರೋಧಿಸಿದರು. ವ್ಯಾಜ್ಯ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು, ಯೋಜನೆ ನಡೆಯಲಿಲ್ಲ. ಹಾಗಾಗಿ ದೊಡ್ಡ ಹಡಗುಗಳು ಈಗಲೂ ಉಬ್ಬರ ನೋಡಿಕೊಂಡೇ ಒಳಗೆ ಬರುತ್ತವೆ. ಪಂದ್ಯದ ಸಂಜೆ, ನೀರು ಪೂರ್ತಿ ಇಳಿದಿದ್ದಾಗ, ಅಳಿವೆಯ ಹೊರಗೆ ಸರಕಿನ ಹಡಗೊಂದು ಲಂಗರು ಹಾಕಿ ನಿಂತಿದ್ದುದನ್ನು ನಾನೇ ಕಂಡೆ. ಮರುದಿನ ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದಾಗ ಅದು ಅಲ್ಲಿರಲಿಲ್ಲ. ರಾತ್ರಿಯ ಉಬ್ಬರ ಹಿಡಿದು ಸೆವಿಲ್‌ನತ್ತ ಹೋಗಿತ್ತು.